ಗಿಳಿ ಮಾರ್ಕಿನ ನೂಲು

ಸೋಮನೂರು
12-11-1983

ತಮ್ಮ ಲಿಂಗಪ್ಪನಿಗೆ ಅಕ್ಕ ಶಿವಗಾಮಿ ಬರೆಯುವುದು.

ನಿನ್ನ ಮನಿಆರ್ಡರ್ ಬಂತು. ಪೋಸ್ಟ್‌ಮ್ಯಾನ್ ಬೀದಿಯ ತುದಿಯಿಂದಲೇ "ಕಮಿಷನರ್ ಅಕ್ಕಾ" ಎಂದು ಕೂಗುತ್ತ ಬಂದ. ನಾನು ಹಿಗ್ಗಿ ಬಾಗಿಲಿಗೆ ಓಡಿದೆ. ನೋಡಿದರೆ ಕೂಪನ್ನಿನಲ್ಲಿ ಬರೆದಿದ್ದೀಯೆ: ದೀಪಾವಳಿಗೆ ಕಳಿಸಿದ ಪಂಚೆಯ ಬೆಲೆ. ಅಲ್ಲವೋ, ಅಕ್ಕ ನೇಯ್ದು ಕೊಟ್ಟ ಪಂಚೆಗೆ ತಮ್ಮ ಬೆಲೆ ಕಟ್ಟಿ ಕಳಿಸಿದ್ದನ್ನು ಈ ಬೀದಿಯಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ನಿನ್ನ ಭಾವ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. "ನಾಳೆ ನಿನ್ನ ತಮ್ಮ ಅವ್ವನ ಹಾಲಿಗೂ ಬಿಲ್ಲು ಕೇಳ್ತಾನೆ" ಅಂದರು.

ಪೊಲೀಸರು ಬಟ್ಟೆ ಬಿಟ್ಟಿ ತೆಗೆದುಕೊಳ್ಳಬಾರದು ಎಂಬ ನಿನ್ನ ಹಟ ನನಗೆ ಹೊಸದೇ? ಠಾಣೆಯ ಹೆಡ್ ಕಾನ್ಸ್‌ಟೇಬಲ್, ನಾವು ಏಟ್ಟಯ್ಯ ಎನ್ನುತ್ತಿದ್ದೆವಲ್ಲ, ಅವನು ದೀಪಾವಳಿಗೆ ತಪ್ಪದೆ ಬಂದು ಅಪ್ಪನ ಮಗ್ಗದ ಪಕ್ಕ ಕೂರುತ್ತಿದ್ದ. ಅಪ್ಪ ಮಾತಾಡದೆ ಟವೆಲ್ಲು ಕತ್ತರಿಸಿ ಕೊಡುತ್ತಿದ್ದರು. ಒಂದು ವರ್ಷ ನೀನು ಅವನ ಸೈಕಲ್ಲಿನ ಹಿಂದೆ ಓಡಿ ಟವೆಲ್ಲಿನ ತುದಿ ಹಿಡಿದೆ. ಕರುಮತ್ತಂಪಟ್ಟಿ ರಸ್ತೆಯವರೆಗೂ ಬಿಡಲಿಲ್ಲ. ಮೊಣಕಾಲಿನ ಚರ್ಮ ಕಿತ್ತು ಬಂದಿತ್ತು, ಟವೆಲ್ಲು ಮಾತ್ರ ನಿನ್ನ ಕೈಯಲ್ಲಿತ್ತು. ಅವ್ವ ಅದರಲ್ಲೇ ನಿನ್ನ ಮೊಣಕಾಲು ಕಟ್ಟಿದಳು. ಆ ಹುಡುಗ ಈಗ ಅಷ್ಟು ದೂರದ ದೊಡ್ಡ ಪಟ್ಟಣಕ್ಕೇ ಪೊಲೀಸು ದೊರೆಯಾಗಿದ್ದಾನೆ ಎಂದರೆ ಚೌಡಮ್ಮ ತಾಯಿ ಕಣ್ಣು ಬಿಟ್ಟಿದ್ದಾಳೆ. ನಿನ್ನ ಹಣವನ್ನು ನಾನು ಮುಟ್ಟುವುದಿಲ್ಲ, ದೇವರ ಗೂಡಿನಲ್ಲಿ ಇಟ್ಟಿದ್ದೇನೆ.

ಈಗ ಮುಖ್ಯ ಸಂಗತಿ. ನನ್ನ ಮಗಳು ಸಾಂತಿ ದೊಡ್ಡವಳಾದಳು. ಪೊಂಗಲ್ ಬರುವ ತೈ ತಿಂಗಳಲ್ಲಿ ಶಾಸ್ತ್ರ ಇಟ್ಟುಕೊಂಡಿದ್ದೇವೆ. ಹಸಿ ತೆಂಗಿನೋಲೆಯ ಗುಡಿಸಲು ಕಟ್ಟಿ ಅವಳನ್ನು ಕೂರಿಸುವುದು, ತವರಿನ ಉಡುಗೊರೆ, ಸೀರಿನ ತಟ್ಟೆ ಹೊತ್ತು ಬೀದಿಯಲ್ಲಿ ಬರುವುದು ಸೋದರಮಾವನ ಕೆಲಸ. ಸೀರು ಎಂದರೆ ಇಲ್ಲಿ ಏನೆಂದು ನಿನಗೆ ಗೊತ್ತು. ತವರಿನ ಮಾನವನ್ನೇ ತಟ್ಟೆಯಲ್ಲಿಟ್ಟು ಎಲ್ಲರಿಗೂ ತೋರಿಸಿದ ಹಾಗೆ. ನೀನು ಬರಿಗೈಯಲ್ಲೇ ಬಾ. ಆದರೆ ಬಾ.

ಅವ್ವ ಕೊಳ್ಳೇಗಾಲದಿಂದ ತಂದ ಕನ್ನಡ ಅಕ್ಷರ ಈ ಬೀದಿಯಲ್ಲಿ ಈಗ ನನಗೊಬ್ಬಳಿಗೇ ಬರುತ್ತದೆ. ಸಾಂತಿಗೆ ಕಲಿಸಹೋದರೆ ತಮಿಳೇ ಸಾಕು ಅನ್ನುತ್ತಾಳೆ. ಅದಕ್ಕೇ ನಿನಗೆ ಬರೆಯುವಾಗ ಹೊಟ್ಟೆ ತುಂಬ ಬರೆಯುತ್ತೇನೆ.

ಅಕ್ಕ


ಕಮಿಷನರ್ ಬಂಗಲೆ
24-1-1984

ಅಕ್ಕನಿಗೆ ನಮಸ್ಕಾರ.

ಟಿಕೆಟ್ ತೆಗೆಸಿದ್ದೆ. ಬರಲು ಆಗುವುದಿಲ್ಲ, ಕ್ಷಮಿಸು.

ಇಲ್ಲೊಂದು ನೂಲಿನ ಗೋದಾಮು ಸುಟ್ಟುಹೋಯಿತು. ಒಳಗೆ ನೂಲು ಸುತ್ತುವ ಹೆಂಗಸರಿದ್ದರು. ನೂಲು ಕದಿಯುತ್ತಾರೆಂದು ಕೆಲಸ ಮುಗಿಯುವವರೆಗೆ ಹೊರಗಿನಿಂದ ಬೀಗ ಹಾಕುವುದು ಇಲ್ಲಿನ ರೂಢಿಯಂತೆ. ನಾನು ಹೋದಾಗ ಬೀಗ ಹಾಗೇ ಇತ್ತು. ಒಡೆಸಿದೆ. ಕಬ್ಬಿಣದ ಬಾಗಿಲಿನ ಒಳಮೈಯಲ್ಲಿ ಕೈಗಳ ಗುರುತು ಇದ್ದವು. ಒಬ್ಬಳ ಸೊಂಟದಲ್ಲಿ ಅವ್ವ ಸಿಕ್ಕಿಸಿಕೊಳ್ಳುತ್ತಿದ್ದಂಥ ಎಲೆಯಡಿಕೆ ಚೀಲ ಇತ್ತು, ಅದು ಮಾತ್ರ ಸುಟ್ಟಿರಲಿಲ್ಲ.

ಮಾಲೀಕ ದೊಡ್ಡ ಕುಳ. ಎಲ್ಲೆಲ್ಲಿಂದಲೋ ಫೋನು ಬರುತ್ತಿವೆ. ನಾನು ಅವನನ್ನು ಬಿಡುವುದಿಲ್ಲ ಅಕ್ಕ. ಇದನ್ನು ಹೆಂಡತಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಸಾಂತಿಗೆ ಮಾವನ ಆಶೀರ್ವಾದ ತಿಳಿಸು.

ಲಿಂಗಪ್ಪನ್


ಸೋಮನೂರು
18-4-1984

ತಮ್ಮ ಲಿಂಗಪ್ಪನಿಗೆ ಅಕ್ಕನ ಆಶೀರ್ವಾದ.

ಇಷ್ಟು ದಿನ ನಿನಗೆ ಬರೆಯಲಿಲ್ಲ. ಬರೆದರೆ ಅಳು ಬರುತ್ತದೆ ಎಂದು ಸುಮ್ಮನಿದ್ದೆ. ಈಗ ನಗುತ್ತಾ ಎಲ್ಲವನ್ನೂ ಬರೆಯಬಹುದು.

ತೈ ತಿಂಗಳ ಶಾಸ್ತ್ರದ ದಿನ ಗುಡಿಸಲು ಕಟ್ಟಲು ಮಾವನಿಲ್ಲ. ನಿನ್ನ ಭಾವನೇ ಯಾರನ್ನೋ ಕರೆತಂದು ಓಲೆ ಹೆಣೆಸಿದರು. ತಟ್ಟೆಗಳನ್ನು ತೊಳೆದು ಸಾಲಾಗಿ ಇಟ್ಟಿದ್ದೆ, ಖಾಲಿಯೇ ಉಳಿದವು. ಎದುರು ಮನೆ ರಾಮಾಯಿಯ ಬಾಯಿ ನಿನಗೆ ಗೊತ್ತಲ್ಲ. ಎಲ್ಲರಿಗೂ ಕೇಳುವ ಹಾಗೆ, "ತಾಯಿಮಾಮನ ಸೀರು ಎಲ್ಲಕ್ಕಾ? ಪೋಸ್ಟಲ್ಲಿ ಸಲ್ಯೂಟ್ ಕಳಿಸವ್ರಾ?" ಅಂದಳು. ಹೆಂಗಸರೆಲ್ಲ ನಕ್ಕರು. ಸಾಂತಿ ಓಲೆಯ ಗುಡಿಸಲೊಳಗೆ ಕೂತು ಅತ್ತಳು. ಸುಟ್ಟುಹೋದ ಆ ಹೆಂಗಸರ ವಿಷಯ ನಾನು ಯಾರಿಗೂ ಹೇಳಲಿಲ್ಲ. ಶುಭದ ಮನೆಯಲ್ಲಿ ಅದನ್ನು ಹೇಗೆ ಹೇಳಲಿ?

ಅದರ ಮೇಲೆ ಊರಿನಲ್ಲಿ ನೂಲಿನ ಬರ. ಪೊಂಗಲ್ ಆದಾಗಿನಿಂದ ಅರ್ಧ ಶೆಡ್ಡುಗಳ ಸದ್ದಿಲ್ಲ. ನಮ್ಮ ಪವರ್‌ಲೂಮಿನ ಮೇಲೆ ಹಲ್ಲಿ ಮೊಟ್ಟೆ ಇಟ್ಟಿತ್ತು ಎಂದರೆ ನಂಬು.

ಹೀಗಿರುವಾಗ ಹೋದ ವಾರ ಒಂದು ಲಾರಿ ಬೀದಿಗೆ ತಿರುಗಲಾರದೆ ತಿರುಗಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಕಮಿಷನರ್ ಸಾಹೇಬರ ಅಕ್ಕನ ಮನೆ ಇದೇನಾ ಎಂದು ಡ್ರೈವರ್ ಕೇಳಿದ. ತುಂಬ ನೂಲು. ಗೋಣಿಯ ಮೇಲೆ ಕೆಂಪು ಬಣ್ಣದಲ್ಲಿ ಜೋಡಿ ಗಿಳಿ. ಯಾರು ಕಳಿಸಿದ್ದು ಎಂದರೆ, ಸಾಹೇಬರ ಸ್ನೇಹಿತರ ಮಿಲ್ಲಿಂದ, ಹಣದ ಮಾತೇ ಎತ್ತಬಾರದಂತೆ ಅಂದ. ನನಗೆ ತಿಳಿಯುವುದಿಲ್ಲವೇ? ಪಂಚೆಗೆ ದುಡ್ಡು ಕಳಿಸಿದವನು ನಾಚಿಕೊಂಡು ಈ ದಾರಿ ಹಿಡಿದಿದ್ದೀಯೆ. ಸ್ನೇಹಿತರ ಹೆಸರು ನೆಪಕ್ಕೆ.

ನಾನು ಸುಮ್ಮನೆ ಬಿಡಲಿಲ್ಲ. ಖಾಲಿ ಉಳಿದಿದ್ದ ಆ ಹಿತ್ತಾಳೆ ತಟ್ಟೆಗಳಲ್ಲಿ ನೂಲಿನ ಕೋನುಗಳನ್ನಿಟ್ಟು, ಹೂ ಸುತ್ತಿ, ಮೇಳದವರನ್ನು ಕರೆಸಿ, ಬೀದಿಯ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಮಾಡಿಸಿದೆ. ಸಾಂತಿಗೆ ಮತ್ತೆ ಸೀರೆ ಉಡಿಸಿ ಕೂರಿಸಿದೆ. ಸೀರನ್ನು ನಾವೊಬ್ಬರೇ ಉಣ್ಣುವುದುಂಟೇ? ನೂಲಿಲ್ಲದ ಶೆಡ್ಡುಗಳಿಗೆಲ್ಲ ಹಂಚಿದೆ, ರಾಮಾಯಿಗೂ ಕೊಟ್ಟೆ. ಅವಳು ತಟ್ಟೆಯನ್ನು ಕಣ್ಣಿಗೊತ್ತಿಕೊಂಡಳು. ಈಗ ಬೀದಿಯಲ್ಲಿ ನಿಂತು ಮಾತಾಡಿದರೆ ಕೇಳಿಸುವುದಿಲ್ಲ, ಅಷ್ಟು ಮಗ್ಗಗಳು ಓಡುತ್ತಿವೆ.

ನಿನ್ನ ಭಾವ ಮಾತ್ರ, ಬಿಲ್ಲಿಲ್ಲದ ನೂಲು ಎಲ್ಲಿಯದು ಎಂದು ಗೊಣಗುತ್ತಾರೆ. ಅವರಿಗೆ ಎಲ್ಲದಕ್ಕೂ ಅನುಮಾನ. ನನ್ನ ತಮ್ಮ ನನ್ನ ಮಾನ ಉಳಿಸಿದ. ನನಗೆ ಇನ್ನೇನು ಬೇಕು?

ಅಕ್ಕ


ಕಮಿಷನರ್ ಬಂಗಲೆ
9-8-1984

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಬಂದು ಬಹಳ ದಿನಗಳಾದವು. ಬರೆಯಲು ಕುಳಿತೆ, ಹರಿದೆ. ಮತ್ತೆ ಕುಳಿತೆ.

ಸಾಂತಿ ಅತ್ತಳೆಂದು ನೀನು ಬರೆದಿದ್ದೆ. ಈಗ ನಗುತ್ತಿದ್ದಾಳಲ್ಲ?

ನೂಲು ಸಾಕಾಯಿತೇ?

ಲಿಂಗಪ್ಪನ್


ಸೋಮನೂರು
2-9-1984

ತಮ್ಮ ಲಿಂಗಪ್ಪನಿಗೆ ಅಕ್ಕನ ಆಶೀರ್ವಾದ.

ಸಾಕಾಯಿತೇ ಎಂದು ನೀನು ಕೇಳಿದ ಕಾಗದ ಬಂದು ಒಂದು ವಾರವಾಗಿರಲಿಲ್ಲ, ಇನ್ನೊಂದು ಲಾರಿ ಬಂತು. ಕೇಳುವುದಕ್ಕೂ ಮೊದಲೇ ಕೊಡುವ ಬುದ್ಧಿ ನಿನಗೆ ಅವ್ವನಿಂದ ಬಂದದ್ದು.

ನಾವು ಈಗ ಕೂಲಿ ನೇಯ್ಗೆ ಬಿಟ್ಟಿದ್ದೇವೆ. ನಮ್ಮದೇ ನೂಲು, ನಮ್ಮದೇ ಬಟ್ಟೆ, ತಿರುಪ್ಪೂರಿಗೆ ನಾವೇ ಮಾರುತ್ತೇವೆ. ಗೋಣಿಗಳನ್ನು ಎಸೆದಿಲ್ಲ. ಒಗೆದು, ಅಂಚು ಹೊಲಿದು ಚಾಪೆ ಮಾಡಿದ್ದೇನೆ. ಒಗೆದಷ್ಟೂ ಗಿಳಿಗಳು ಕೆಂಪಾಗುತ್ತವೆ. ಬಂದವರೆಲ್ಲ ಕಮಿಷನರ್ ಗಿಳಿ ಅನ್ನುತ್ತಾರೆ.

ಅದೇ ನೂಲಿನಲ್ಲಿ ನಿನಗೊಂದು ಪಂಚೆ ನೇಯ್ದು ಈ ಕಾಗದದ ಜೊತೆ ಪಾರ್ಸೆಲ್ ಕಳಿಸಿದ್ದೇನೆ. ಮಾವಿನಕಾಯಿ ಅಂಚು, ಅಪ್ಪ ಹಾಕುತ್ತಿದ್ದದ್ದು. ಈ ಸಲ ಮನಿಆರ್ಡರ್ ಕಳಿಸಿದರೆ ಮಾತು ಬಿಡುತ್ತೇನೆ.

ಒಂದು ಕೇಳಬೇಕು ಎಂದಿದ್ದೆ. ಹಿಂದೆ ಬರೆದಿದ್ದೆಯಲ್ಲ, ಬೀಗ ಹಾಕಿದ ಬಾಗಿಲು, ಒಳಗಿದ್ದ ಹೆಂಗಸರು. ಸಾಂತಿ ಶೆಡ್ಡಿನಲ್ಲಿ ಕೂತು ನೂಲಿನ ಕಂಡಿಕೆ ಸುತ್ತುವಾಗಲೆಲ್ಲ ನನಗೆ ಅವರ ನೆನಪು ಬರುತ್ತದೆ. ಬಾಗಿಲು ಹಾಕಿದ್ದರೆ ಎದ್ದು ಹೋಗಿ ತೆರೆದಿಡುತ್ತೇನೆ. ಆ ಮಾಲೀಕನಿಗೆ ಏನಾಯಿತು?

ಅಕ್ಕ


ಕಮಿಷನರ್ ಬಂಗಲೆ
20-12-1984

ಅಕ್ಕನಿಗೆ ನಮಸ್ಕಾರ.

ಪಂಚೆ ಚೆನ್ನಾಗಿದೆ. ನೀನು ಹೇಳಿದಂತೆ ಹಣ ಕಳಿಸಲಿಲ್ಲ.

ಆ ಬೆಂಕಿ ವಿದ್ಯುತ್ ತಂತಿಯ ದೋಷದಿಂದ ಆದದ್ದು ಎಂದು ತೀರ್ಮಾನವಾಗಿದೆ. ಅಪಘಾತ. ಇಂಥವನ್ನೆಲ್ಲ ನೀನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನಾನು ನಿನಗೆ ಬರೆಯಬಾರದಿತ್ತು.

ಲಿಂಗಪ್ಪನ್


ಸೋಮನೂರು
10-2-1987

ತಮ್ಮ ಲಿಂಗಪ್ಪನಿಗೆ ಅಕ್ಕನ ಆಶೀರ್ವಾದ.

ಈ ಎರಡು ವರ್ಷದಲ್ಲಿ ನಿನ್ನಿಂದ ಬಂದದ್ದು ಅಚ್ಚು ಹಾಕಿದ ಪೊಂಗಲ್ ಕಾರ್ಡು ಮತ್ತು ಲಾರಿಗಳು. ಹೋಗಲಿ, ದೊಡ್ಡ ಕೆಲಸದವನು. ನಾನು ಒಳ್ಳೆಯ ಸುದ್ದಿ ಬರೆಯಲು ಕೂತಿದ್ದೇನೆ, ಜಗಳಕ್ಕಲ್ಲ.

ಸಾಂತಿಯನ್ನು ವಿಚಾರಿಸಿಕೊಂಡು ಮೊನ್ನೆ ಒಂದು ಮನೆಯವರು ಬಂದಿದ್ದರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಕಾರನ್ನು ಮುಖ್ಯರಸ್ತೆಯಲ್ಲೇ ಬಿಟ್ಟು ನಡೆದು ಬಂದರು, ಅಷ್ಟು ಸಂಕೋಚದವರು. ಕೊಯಮತ್ತೂರು ತಮಿಳು, ಒಳ್ಳೆಯ ನಡತೆ. ಹೆಣ್ಣಿನ ಮನೆ ನೋಡಲು ಬಂದವರ ಊರು, ಹೆಸರು ನಾವಾಗಿ ಕೇಳಬಾರದಲ್ಲ. ಸಂಬಂಧ ಕೂಡದಿದ್ದರೆ ಇಬ್ಬರಿಗೂ ಮುಜುಗರವಾಗಬಾರದು ಎಂದು ಹಿರಿಯರು ಮಾಡಿಟ್ಟ ರೀತಿ. ನಾನು ಏನೂ ಕೇಳಲಿಲ್ಲ. ಗಿಳಿ ಚಾಪೆ ಹಾಸಿದೆ, ಕಾಫಿ ಕೊಟ್ಟೆ.

ಹುಡುಗಿಯ ಓದು, ಕೆಲಸ ಅಂತ ಶುರುಮಾಡಿ ನೇರ ನಿನ್ನ ವಿಷಯಕ್ಕೆ ಬಂದರು. ಸೋದರಮಾವ ಏನು ಸೀರು ಮಾಡಿದ್ದಾರೆ ಎಂದು ಕೇಳಿದರು. ಯಾವ ಸಂಬಂಧಿಕರಾದರೂ ಕೇಳುವ ಮಾತೇ. ನಾನು ಮೊದಲ ಲಾರಿಯಿಂದ ಹಿಡಿದು ಎಲ್ಲ ಹೇಳಿದೆ. ಯಾವ ತಿಂಗಳು, ಲಾರಿ ಎಲ್ಲಿಯದು, ರಸೀದಿ ಇತ್ತೇ ಎಂದೆಲ್ಲ ಬಿಡದೆ ಕೇಳಿದರು. ಇಷ್ಟು ಕೂಲಂಕಷವಾಗಿ ಕೇಳುವವರು ಹೆಣ್ಣನ್ನೂ ಜೋಪಾನವಾಗಿ ನೋಡಿಕೊಳ್ಳುತ್ತಾರೆ ಅನ್ನಿಸಿತು. ಆ ಹೆಂಗಸು ಬರೆದುಕೊಳ್ಳುತ್ತಿದ್ದಳು. ಓದಿದವರ ಪದ್ಧತಿ ಇರಬೇಕು.

ಇಂಥ ಹೊತ್ತಿನಲ್ಲಿ ಬೀದಿ ಬಿಟ್ಟುಕೊಡುವುದುಂಟೇ? ಒಬ್ಬೊಬ್ಬರಾಗಿ ಬಂದು ಕೂತರು. ಎಲ್ಲರಿಗಿಂತ ಮುಂದೆ ರಾಮಾಯಿ. "ಈ ಬೀದಿಲಿ ಓಡೋ ಒಂದೊಂದು ತರಿನೂ ಇವಳ ತಾಯಿಮಾಮ ಕೊಟ್ಟ ನೂಲಲ್ಲೇ ಓಡ್ತದೆ ಸಾರ್. ಬೇಕಿದ್ರೆ ಬನ್ನಿ, ನನ್ನ ತರಿ ನೋಡಿ" ಎಂದು ಮಗ್ಗ ತೋರಿಸಲು ಶೆಡ್ಡಿಗೇ ಕರೆದುಕೊಂಡು ಹೋದಳು. ನಿನ್ನ ಭಾವ ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡುತ್ತಿದ್ದರು. ಹೆಚ್ಚು ಜಂಬ ಕೊಚ್ಚಬೇಡ ಅನ್ನುತ್ತಿದ್ದಾರೆ ಎಂದುಕೊಂಡೆ.

ಹೊರಡುವಾಗ ಆ ಹೆಂಗಸು ಗಿಳಿ ಚಾಪೆ ಒಂದು ಸಿಗಬಹುದೇ ಎಂದಳು. ಇದ್ದುದರಲ್ಲಿ ಒಳ್ಳೆಯದನ್ನು ಮಡಿಸಿ ಕೊಟ್ಟೆ. ಅರಿಸಿನ ಕುಂಕುಮ, ರವಿಕೆ ಕಣ ಕೊಟ್ಟೆ. ಕುಂಕುಮ ಇಟ್ಟುಕೊಂಡಳು. ರವಿಕೆ ಕಣವನ್ನು ಮಾತ್ರ ತಿರುಗಿ ನನ್ನ ಕೈಯಲ್ಲೇ ಇಟ್ಟು, ಆಮೇಲೆ ತೆಗೆದುಕೊಳ್ಳುತ್ತೇನೆ ಅಂದಳು.

ಸಂಬಂಧ ಕೂಡಿದ ಹಾಗೆಯೇ. ಮದುವೆಗೆ ಈ ಸಲ ಲಾರಿ ಬೇಡ. ನೀನು ಬಾ.

ಅಕ್ಕ


17-2-1987

ಅಕ್ಕಾ,

ಬಂದವರು ಯಾರು? ಮತ್ತೆ ಬಂದರೇ? ಗೋಣಿ ಯಾಕೆ ಕೊಟ್ಟೆ?

ಉಳಿದ ಗೋಣಿಗಳನ್ನು ಇವತ್ತೇ ಸುಡು. ಯಾರು ಬಂದರೂ ಮಾತಾಡಬೇಡ, ಬೀದಿಯವರಿಗೂ ಹೇಳು. ಈ ಕಾಗದವನ್ನೂ ಸುಡು.

ಲಿಂಗಪ್ಪನ್


ಸೋಮನೂರು
8-3-1987

ಲಿಂಗಪ್ಪಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕೈಬರಹ ನಿನ್ನದೇ, ಆದರೆ ಬೇರೆ ಯಾರೋ ಬರೆದ ಹಾಗಿತ್ತು. ಯಾಕೆ ಸುಡಬೇಕು ಎಂದು ತಿಳಿಯಲಿಲ್ಲ. ಸುಡಲಿಲ್ಲ.

ಹೋದ ವಾರ ತಿಳಿಯಿತು. ಟೀ ಅಂಗಡಿಯಲ್ಲಿ ಯಾರೋ ತಮಿಳು ಪೇಪರನ್ನು ನಿನ್ನ ಭಾವನ ಕೈಗಿಟ್ಟು ಎದ್ದು ಹೋದರಂತೆ. ಅವರು ಅದನ್ನು ತಂದು ಸಾಂತಿಗೆ ಕೊಟ್ಟರು. ನಿನ್ನ ಹೆಸರು ಬಂದ ಕೂಡಲೇ ಅವಳು ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದಳು. ತಪ್ಪು ಓದಿದೆ ಎಂದುಕೊಂಡಿರಬೇಕು. ಎರಡನೇ ಸಲವೂ ಅದೇ ಇತ್ತು, ಲಂಚದ ಕೇಸಿನಲ್ಲಿ ನಿನ್ನನ್ನು ಹಿಡಿದಿದ್ದಾರೆ ಎಂದು.

ಚಿತ್ರದಲ್ಲಿ ನೀನಿದ್ದೆ. ನಿನ್ನ ಎರಡೂ ಪಕ್ಕ ಜನ. ನಿನ್ನ ಮುಖ ಗುರುತಾಗುವ ಮೊದಲು ನನಗೆ ಪಂಚೆಯ ಅಂಚು ಗುರುತಾಯಿತು. ಅದರ ಕೆಳಗೆ ಇನ್ನೊಂದು ಚಿತ್ರ. ಸುಟ್ಟ ಗೋದಾಮಿನ ಬಾಗಿಲು, ಮೇಲೆ ಜೋಡಿ ಗಿಳಿ.

ಸಾಂತಿ ಪೇಪರು ಕೆಳಗಿಟ್ಟು ಚಾಪೆ ನೋಡಿದಳು, ಚಾಪೆಯಿಂದ ಎದ್ದು ನಿಂತಳು. "ಅಮ್ಮಾ, ಅವರೂ ನಮ್ಮ ಹಂಗೇ ನೂಲು ಸುತ್ತೋರಾ?" ಅಂದಳು. ಆ ಬಾಗಿಲನ್ನು ನಾನು ಮೊದಲೇ ನೋಡಿದ್ದೆ ಲಿಂಗಪ್ಪಾ, ನಿನ್ನ ಕಾಗದದಲ್ಲಿ. ಒಳಮೈಯಲ್ಲಿ ಕೈ ಗುರುತು ಇದ್ದವು ಎಂದು ಬರೆದವನು ನೀನು.

ಯಾರೂ ಯಾರಿಗೂ ಹೇಳಲಿಲ್ಲ. ಒಂದೊಂದೇ ಶೆಡ್ಡಿನ ಸದ್ದು ನಿಂತಿತು. ಸಂಜೆಗೆ ರಾಮಾಯಿ ಬಂದು ಹೊಸ್ತಿಲ ಹೊರಗೇ ಕೂತಳು. "ನಾವೆಲ್ಲ ಸೇರಿ ಹೊಗಳಿ ಹೊಗಳಿ ಹೇಳ್ಬುಟ್ಟೆವಲ್ಲ ಅಕ್ಕಾ" ಅಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಪೇಪರಿನವರು ಏನು ಬೇಕಾದರೂ ಬರೆಯುತ್ತಾರೆ. ನೀನು ಒಂದೇ ಮಾತು ಬರೆ. ಸುಳ್ಳು ಎಂದು ಬರೆ, ನಾನು ಬೀದಿಯಲ್ಲಿ ನಿಂತು ಓದಿ ಹೇಳುತ್ತೇನೆ.

ಅಕ್ಕ


22-5-1987

ಅಕ್ಕಾ,

ಸುಳ್ಳಲ್ಲ.

ಈಗ ಜಾಮೀನಿನ ಮೇಲೆ ಇದ್ದೇನೆ. ಬಂಗಲೆ ಬಿಡಿಸಿದ್ದಾರೆ. ಲಕೋಟೆಯ ಮೇಲೆ ಬರೆದಿರುವ ವಿಳಾಸ ಬಾಡಿಗೆ ಮನೆಯದು. ಹೆಂಡತಿ ತನ್ನ ತವರಿಗೆ ಹೋಗಿದ್ದಾಳೆ.

ಮೊದಲ ಲಾರಿಯನ್ನು ನಾನು ಕಳಿಸಲಿಲ್ಲ. ಅದು ಬಂದದ್ದು ನನಗೆ ತಿಳಿದದ್ದೇ ನಿನ್ನ ಕಾಗದದಿಂದ. ಆ ಗೋದಾಮಿನ ಮಾಲೀಕ ನನ್ನ ಊರು, ನನ್ನ ಅಕ್ಕನ ಮನೆ, ಊರಲ್ಲಿ ನೂಲಿಲ್ಲ ಎಂಬುದನ್ನೂ ಹುಡುಕಿ ತೆಗೆದಿದ್ದ. ವಾಪಸು ಕಳಿಸು ಎಂದು ನಿನಗೆ ಬರೆದೆ. ಆದರೆ ನೀನು ಅದನ್ನು ತಟ್ಟೆಯಲ್ಲಿಟ್ಟು ಮೇಳದ ಜೊತೆ ಮೆರವಣಿಗೆ ಮಾಡಿಸಿದ್ದೆ, ಬೀದಿಗೆಲ್ಲ ಹಂಚಿದ್ದೆ. ಅದು ಸೀರಲ್ಲ ಎಂದರೆ ನೀನು ಆ ಬೀದಿಯಲ್ಲಿ ಹೇಗೆ ತಲೆ ಎತ್ತುತ್ತೀಯೆ? ಆ ಕಾಗದ ಹರಿದೆ. ಹಣ ಕೊಟ್ಟುಬಿಡೋಣ ಎಂದು ಅವನನ್ನು ಕರೆಸಿದೆ. ಅವನು ನಕ್ಕು, ಅಕ್ಕನಿಗೆ ಕೊಟ್ಟದ್ದಕ್ಕೆ ತಮ್ಮನಿಂದ ಹಣ ತೆಗೆದುಕೊಳ್ಳುವುದುಂಟೇ ಅಂದ. ನಿನ್ನ ಮಾತೇ ಅವನ ಬಾಯಲ್ಲಿತ್ತು. ನಾನು ಸುಮ್ಮನಾದೆ. ಆ ಫೈಲು ಮುಚ್ಚಿತು.

ಎಲ್ಲವೂ ನಿನಗಾಗಿ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಮೊದಲಿನದು ನಿನಗಾಗಿ. ಆಮೇಲಿನವು ನನಗಾಗಿ. ಎರಡನೇ ಸಲ ಕೈ ಅಷ್ಟು ನಡುಗುವುದಿಲ್ಲ.

ಈಗ ಒಂದು ಬೇಡುತ್ತೇನೆ. ಗಿಳಿ ಚಾಪೆ ಒಯ್ದವರು ತನಿಖೆಯ ಅಧಿಕಾರಿಗಳು, ಸಾಕ್ಷಿ ಹೇಳಲು ನಿನ್ನನ್ನು ಕರೆಯುತ್ತಾರೆ. ಗಂಡು ಕಡೆಯವರೆಂದು ಜಂಬಕ್ಕೆ ಹಾಗೆ ಹೇಳಿದೆ, ನೂಲನ್ನು ತಿರುಪ್ಪೂರಿನ ವ್ಯಾಪಾರಿ ಕುಪ್ಪಸಾಮಿಯಿಂದ ಕೊಂಡದ್ದು ಎಂದು ಹೇಳು. ಅವರು ತೀರಿಕೊಂಡಿದ್ದಾರೆ, ಯಾರೂ ಕೇಳುವುದಿಲ್ಲ. ನಿನ್ನ ಮಾತೇ ಮುಖ್ಯ ಸಾಕ್ಷಿ ಎಂದು ವಕೀಲರು ಹೇಳುತ್ತಾರೆ. ನೀನು ಹಾಗೆ ಹೇಳಿದರೆ ನಾನು ಉಳಿಯುತ್ತೇನೆ, ಇಲ್ಲವಾದರೆ ಜೈಲು.

ಲಿಂಗಪ್ಪನ್


ಸೋಮನೂರು
14-6-1987

ತಮ್ಮ ಲಿಂಗಪ್ಪನಿಗೆ ಅಕ್ಕ ಶಿವಗಾಮಿ ಬರೆಯುವುದು.

ಕೋರ್ಟಿನ ಸಮನ್ಸ್ ಬಂದಿದೆ. ನಿನ್ನ ಕಾಗದವೂ ಅದಕ್ಕೂ ಮುಂಚೆ ಬಂದಿತ್ತು. ಮಾಮ ಏನು ಬರೆದಿದ್ದಾರೆ ಎಂದು ಸಾಂತಿ ಕೇಳಿದಳು. ಅವಳಿಗೆ ಈ ಅಕ್ಷರ ಕಲಿಸದೆ ಇದ್ದದ್ದು ಒಳ್ಳೆಯದಾಯಿತು ಎಂದು ಮೊದಲ ಸಲ ಅನ್ನಿಸಿತು. ನನ್ನನ್ನು ಬರಹೇಳಿದ್ದಾರೆ ಎಂದೆ.

ಬೀದಿ ಮತ್ತೆ ಕೂಲಿ ನೇಯ್ಗೆಗೆ ತಿರುಗಿದೆ. ಉಳಿದ ಗಿಳಿ ನೂಲನ್ನು ಎಲ್ಲರೂ ತಂದು ನಮ್ಮ ಹಿಂದಿನ ಕೋಣೆಯಲ್ಲಿ ಇಟ್ಟು ಹೋದರು. ಅಧಿಕಾರಿಗಳು ಮುದ್ರೆ ಹಾಕಿದ್ದಾರೆ. ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಬಟ್ಟೆಯನ್ನು ಏನು ಮಾಡುವುದು ಎಂದು ಯಾರಿಗೂ ತಿಳಿಯಲಿಲ್ಲ. ನಾನು ನಮ್ಮದನ್ನು ಕತ್ತರಿಸಿದೆ. ಆಮೇಲೆ ಎಲ್ಲರೂ ಕತ್ತರಿಸಿದರು.

ಕುಪ್ಪಸಾಮಿಯ ಹೆಸರು ಬರೆದಿದ್ದೀಯೆ. ಅಪ್ಪ ಹಾಸಿಗೆ ಹಿಡಿದ ವರ್ಷ ನಂಬಿ ನೂಲು ಕೊಟ್ಟು, ನೀನು ಓದು ಬಿಡದ ಹಾಗೆ ನೋಡಿಕೊಂಡವರು ಅವರು. ಸತ್ತವರು ಎದ್ದು ಬಂದು ಅಲ್ಲ ಅನ್ನುವುದಿಲ್ಲ ಎಂಬುದು ನಿಜ. ಆ ಹೆಂಗಸರೂ ಎದ್ದು ಬರುವುದಿಲ್ಲ.

ನಿನ್ನ ಮೇಲೆ ಕೋಪ ಬರಲಿ ಎಂದು ಎಷ್ಟೋ ದಿನ ಕಾದೆ. ಬರಲಿಲ್ಲ. ಕೂತಲ್ಲಿ ಕೂತೇ ಇರುತ್ತೇನೆ, ಒಲೆಯ ಮೇಲೆ ಅನ್ನ ಹೊತ್ತಿದ ವಾಸನೆ ಬಂದಾಗ ಏಳುತ್ತೇನೆ. ಸೈಕಲ್ಲಿನ ಹಿಂದೆ ಓಡಿದ ಹುಡುಗನೂ ಪೇಪರಿನಲ್ಲಿದ್ದವನೂ ಒಬ್ಬನೇ ಎಂದು ನನ್ನ ತಲೆ ಒಪ್ಪುತ್ತದೆ, ಕೈ ಒಪ್ಪುವುದಿಲ್ಲ. ಆ ಮೊಣಕಾಲನ್ನು ನಾನೂ ಹಿಡಿದುಕೊಂಡಿದ್ದೆ, ಅವ್ವ ಕಟ್ಟುವಾಗ.

ನನ್ನ ಮಾನಕ್ಕಾಗಿ ಸುಮ್ಮನಾದೆ ಎಂದು ಬರೆದಿದ್ದೀಯೆ. ವಾಪಸು ಕಳಿಸು ಎಂದು ಒಂದು ಸಾಲು ಬರೆದಿದ್ದರೆ ನಾನು ಮನೆಮನೆಗೆ ಹೋಗಿ ಕೇಳಿ ತರುತ್ತಿದ್ದೆ. ರಾಮಾಯಿ ಇನ್ನೊಂದು ಸಲ ನಗುತ್ತಿದ್ದಳು, ಅಷ್ಟೇ ತಾನೇ? ಅವಳ ನಗುವನ್ನು ನಾನು ಚಿಕ್ಕಂದಿನಿಂದ ತಡೆದುಕೊಂಡಿದ್ದೇನೆ.

ಕೋರ್ಟಿನಲ್ಲಿ ಕೇಳಿದ್ದಕ್ಕೆ ಆದದ್ದನ್ನೇ ಹೇಳುತ್ತೇನೆ. ಲಾರಿ ಬಂದದ್ದು, ಗಿಳಿ ಮಾರ್ಕು, ನೂಲು ಸಾಕಾಯಿತೇ ಎಂದು ನೀನು ಕೇಳಿದ್ದು. ಬಾಗಿಲಿಗೆ ಹೊರಗಿನಿಂದ ಬೀಗವಿತ್ತು ಎಂದು ನೀನು ಹೇಳಿದ್ದನ್ನೂ ಹೇಳುತ್ತೇನೆ. ನೀನು ಅದನ್ನು ನನಗೊಬ್ಬಳಿಗೇ ಹೇಳಿದ್ದೆ.

ದೇವರ ಗೂಡಿನಲ್ಲಿ ನಿನ್ನ ಪಂಚೆಯ ಮನಿಆರ್ಡರ್ ಹಣ ಹಾಗೇ ಇತ್ತು. ಟಿಕೆಟ್ಟಿಗೆ ಅದನ್ನು ತೆಗೆದೆ. ಸಾಲಲಿಲ್ಲ, ಉಳಿದದ್ದನ್ನು ನಿನ್ನ ಭಾವ ಹಾಕಿದರು. ಇದೇ ಇಪ್ಪತ್ತೊಂಬತ್ತಕ್ಕೆ ತಿರುಪ್ಪೂರಿನಲ್ಲಿ ಹತ್ತುತ್ತೇನೆ, ಮೂರನೇ ದಿನ ಬೆಳಿಗ್ಗೆ ಅಲ್ಲಿ. ಸಾಕ್ಷಿಗಳು ಇಳಿದುಕೊಳ್ಳಲು ಬೇರೆ ಜಾಗ ಕೊಡುತ್ತಾರಂತೆ. ನನಗೆ ಬೇಡ. ತಮ್ಮನ ಮನೆ ಇರುವ ಊರಲ್ಲಿ ನಾನು ಬೇರೆಲ್ಲಿ ಇಳಿಯಲಿ? ಹೆಂಡತಿ ಇಲ್ಲದ ಮನೆ ಎಂದೆಯಲ್ಲ, ಏನು ತಿನ್ನುತ್ತೀಯೋ ಏನೋ. ಹುರಳಿ ಹುರಿದು ಪುಡಿ ಮಾಡಿಟ್ಟಿದ್ದೇನೆ, ನಿನಗೆ ಇಷ್ಟವಾದ ಸಾರು ಮಾಡುತ್ತೇನೆ.

ಸ್ಟೇಷನ್ನಿಗೆ ಬಾ. ಅಲ್ಲಿನ ಭಾಷೆ ನನಗೆ ಬರುವುದಿಲ್ಲ, ದಾರಿ ಗೊತ್ತಿಲ್ಲ. ಕೋರ್ಟಿಗೆ ನೀನೇ ನನ್ನನ್ನು ಕರೆದುಕೊಂಡು ಹೋಗಬೇಕು.

ಅಕ್ಕ